ಯುರೋಪಿನ ಒಂದು ಕ್ಲೌಡ್ ಕಂಪನಿಯನ್ನು 19 ದಿನ ಒರೆಗೆ ಹಚ್ಚಿದ ಲಾಗ್

ಇದು ಶುರುವಾಗಿದ್ದು ಒಂದು ಸಣ್ಣ ಮೇಲ್‌ನಿಂದ. ನಮ್ಮ ಸಾಫ್ಟ್‌ವೇರ್ ಬಳಸುವ ಜರ್ಮನಿಯ ಗ್ರಾಹಕರೊಬ್ಬರು ಎರಡು ಪ್ರಶ್ನೆ ಕೇಳಿದ್ದರು. ನಮ್ಮ ಡೇಟಾ ಯಾವ ಊರಿನಲ್ಲಿದೆ? ಅದನ್ನು ಇಟ್ಟುಕೊಂಡಿರುವ ಕಂಪನಿ ಯಾವ ದೇಶದ್ದು? ಮೊದಲನೆಯದಕ್ಕೆ ಉತ್ತರ ಸುಲಭ, ಫ್ರಾಂಕ್‌ಫರ್ಟ್. ಎರಡನೆಯದಕ್ಕೆ ಉತ್ತರ ಅಮೆರಿಕ. 2018ರ ಕ್ಲೌಡ್ ಆಕ್ಟ್ ಪ್ರಕಾರ ಅಮೆರಿಕದ ಕಂಪನಿ ಡೇಟಾವನ್ನು ಯಾವ ದೇಶದಲ್ಲಿ ಇಟ್ಟಿದ್ದರೂ, ಅಮೆರಿಕದ ಕಾನೂನಿನಂತೆ ಆದೇಶ ಬಂದರೆ ಕೊಡಬೇಕಾಗುತ್ತದೆ. ಹಾಗಾಗಿ ಫ್ರಾಂಕ್‌ಫರ್ಟ್ ಅಂತ ಹೇಳಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಯುರೋಪಿನದೇ ಕ್ಲೌಡ್ ಕಂಪನಿಯೊಂದಕ್ಕೆ, ಅಂದರೆ ಇಂಟರ್ನೆಟ್ ಮೂಲಕ ಸರ್ವರ್ ಬಾಡಿಗೆಗೆ ಕೊಡುವ ಅಲ್ಲಿನ ಕಂಪನಿಗೆ, ಹೋಗಲು ಆಗುತ್ತಾ ನೋಡೋಣ ಅಂತ ಕೂತೆ.

ಹಣದ ಕಾರಣವೂ ಇತ್ತು. ನಮ್ಮಲ್ಲಿಂದ ತಿಂಗಳಿಗೆ ಸುಮಾರು 1.4 ಟಿಬಿ ಟ್ರಾಫಿಕ್ ಹೊರಗೆ ಹೋಗುತ್ತದೆ. ಈಗಿರುವ ಕಡೆ ಮೊದಲ 100 ಜಿಬಿ ಬಿಟ್ಟು ಉಳಿದಿದ್ದಕ್ಕೆ ಜಿಬಿಗೆ 9 ಸೆಂಟ್. ಅಂದರೆ ಬರೀ ಟ್ರಾಫಿಕ್‌ಗೇ 117 ಡಾಲರ್. ಯುರೋಪಿನ ಹಲವು ಕಂಪನಿಗಳು ಸರ್ವರ್ ಜೊತೆಗೇ ಟಿಬಿಗಟ್ಟಲೆ ಟ್ರಾಫಿಕ್ ಸೇರಿಸಿ ಕೊಡುತ್ತವೆ.

ಸಾಗಿಸಬೇಕಾದ ಸಾಮಾನು ಇಷ್ಟು: ಎರಡು ವೆಬ್ ಸರ್ವರ್, 38 ಜಿಬಿಯ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, 210 ಜಿಬಿ ಪಿಡಿಎಫ್ ಮತ್ತು ಚಿತ್ರಗಳು. ಎಲ್ಲಾ ಡಾಕರ್‌ನಲ್ಲಿ, ಅಂದರೆ ಪ್ರೋಗ್ರಾಮ್‌ಗಳನ್ನು ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ಸಾಧನದಲ್ಲಿ, ಓಡುತ್ತದೆ, ಡೇಟಾಬೇಸ್ ಒಂದನ್ನು ಬಿಟ್ಟು.

ದಿನ 0: ಪಟ್ಟಿ

ಮೊದಲು ಯಾರ್ಯಾರು ಇದ್ದಾರೆ ನೋಡಿದೆ. ಜರ್ಮನಿಯ ಹೆಟ್ಸ್‌ನರ್, 1997ರಿಂದ ಇದೆ, ಗುನ್ಸೆನ್‌ಹೌಸೆನ್ ಅನ್ನೋ ಸಣ್ಣ ಊರಿನದು. ಫ್ರಾನ್ಸ್‌ನ ರೂಬೆಯಲ್ಲಿ 1999ರಲ್ಲಿ ಶುರುವಾದ ಓವಿಎಚ್. ಪ್ಯಾರಿಸ್‌ನ ಸ್ಕೇಲ್‌ವೇ. ಹೆಲ್ಸಿಂಕಿಯ ಅಪ್‌ಕ್ಲೌಡ್. ಸ್ವಿಟ್ಜರ್ಲೆಂಡ್‌ನ ಎಕ್ಸೋಸ್ಕೇಲ್. ಇನ್ನೂ ಕೆಲವು ಇದ್ದವು. ನಾನು ಕೊನೆಗೆ ಆರಿಸಿಕೊಂಡಿದ್ದರ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದೇ ಖಾತೆ, ಮೂರು ವಾರಕ್ಕೂ ಕಡಿಮೆ ಸಮಯ, ಇಷ್ಟರ ಮೇಲೆ ಒಂದು ಕಂಪನಿಗೆ ಒಳ್ಳೆಯದು ಕೆಟ್ಟದು ಅಂತ ಹಣೆಪಟ್ಟಿ ಹಚ್ಚುವುದು ಸರಿಯಲ್ಲ. ನಾನು ಬಿದ್ದ ಗುಂಡಿಗಳಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಗೆ ಹೋದರೂ ಇರುವಂಥವೇ.

ಶುರು ಮಾಡುವ ಮೊದಲೇ ಒಂದು ನಿಯಮ ಹಾಕಿಕೊಂಡೆ. ಕೊನೆಯ ದಿನದೊಳಗೆ ಸರ್ವರ್‌ಗಳನ್ನು ಪೂರ್ತಿ ಅಳಿಸಬೇಕು, ಬ್ಯಾಕಪ್‌ನಿಂದ ಮತ್ತೆ ಎಬ್ಬಿಸಬೇಕು, ಗಡಿಯಾರ ಹಿಡಿದು ಎಷ್ಟು ಹೊತ್ತಾಯಿತು ಅಂತ ಬರೆಯಬೇಕು. ಅದು ಆಗದಿದ್ದರೆ ವೇಗ, ಬೆಲೆ ಎಲ್ಲಾ ಎಷ್ಟು ಚೆನ್ನಾಗಿದ್ದರೂ ಹೋಗುವುದಿಲ್ಲ.

ದಿನ 1: ಖಾತೆ

ಖಾತೆ ತೆರೆಯಲು 5 ನಿಮಿಷ. ಅದನ್ನು ಒಪ್ಪಿಸಿಕೊಳ್ಳಲು ಒಂದೂವರೆ ದಿನ. ಗುರುತಿನ ಚೀಟಿ ಕೇಳಿದರು, ಕಳಿಸಿದೆ, ಮತ್ತೆ ಕಂಪನಿಯ ನೋಂದಣಿ ಪತ್ರ ಕೇಳಿದರು. ಮೋಸದ ಖಾತೆಗಳ ಕಾಟ ಇರುವುದರಿಂದ ಇದು ಅರ್ಥವಾಗುತ್ತದೆ. ಆದರೆ ತುರ್ತಿನಲ್ಲಿ ಓಡಿಬರುವವರು ಈ ಒಂದೂವರೆ ದಿನವನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನೆರಡು ವಿಷಯ ಅವತ್ತೇ ಗೊತ್ತಾಯಿತು. ಹೊಸ ಖಾತೆಗೆ ಇಷ್ಟೇ ಸರ್ವರ್ ಅಂತ ಮಿತಿ ಇರುತ್ತದೆ, ಸಹಾಯ ಕೋರಿ ಟಿಕೆಟ್ ಹಾಕಿ ಹೆಚ್ಚಿಸಿಕೊಳ್ಳಬೇಕು. ಮೇಲ್ ಕಳಿಸುವ 25ನೇ ಪೋರ್ಟ್ ಮುಚ್ಚಿರುತ್ತದೆ. ನಾವು ಮೇಲ್‌ಗೆ ಬೇರೆ ಸೇವೆ ಬಳಸಿ 587ರಲ್ಲಿ ಕಳಿಸುತ್ತೇವೆ, ಹಾಗಾಗಿ ತೊಂದರೆ ಆಗಲಿಲ್ಲ.

ದಿನ 3: ಟೆರಾಫಾರ್ಮ್, ಮತ್ತು ಓದದೆ ಒತ್ತಿದ ಯೆಸ್

ಕೈಯಲ್ಲಿ ಕ್ಲಿಕ್ ಮಾಡಿ ಏನನ್ನೂ ಕಟ್ಟಬಾರದು ಅಂತ ನಿರ್ಧರಿಸಿದ್ದೆ. ಬೇಕಾದ ಸರ್ವರ್‌ಗಳನ್ನು ಫೈಲ್‌ನಲ್ಲಿ ಬರೆದುಕೊಟ್ಟರೆ ತಾನೇ ಕಟ್ಟುವ ಸಾಧನ ಟೆರಾಫಾರ್ಮ್. ಅದಕ್ಕೆ ಕಂಪನಿಯದೇ ಪ್ರೊವೈಡರ್, ಅಂದರೆ ಜೋಡಣೆಯ ತುಣುಕು, ಇತ್ತು, ಟೆರಾಫಾರ್ಮ್‌ನ ಓಪನ್ ಸೋರ್ಸ್ ಕವಲಾದ ಓಪನ್‌ಟೋಫುವಿನಲ್ಲೂ ಹಾಗೇ ಓಡಿತು. ಸರ್ವರ್ ಕೇಳಿದ 20 ಸೆಕೆಂಡಿಗೆ ಎದ್ದು ನಿಲ್ಲುತ್ತದೆ. ಇದು ನಿಜಕ್ಕೂ ಖುಷಿ ಕೊಟ್ಟಿತು.

ಮೊದಲ ಸರ್ವರ್‌ನಲ್ಲಿ ನಾನು ಹೇಳಿದ ಯೂಸರ್ ಹುಟ್ಟಲೇ ಇಲ್ಲ. ಸರ್ವರ್ ಮೊದಲ ಸಲ ಏಳುವಾಗ ಏನೇನು ಸಿದ್ಧ ಮಾಡಬೇಕು ಅಂತ ಹೇಳುವ ಕ್ಲೌಡ್-ಇನಿಟ್ ಫೈಲ್‌ನ ಮೊದಲ ಸಾಲಿನಲ್ಲಿ ಹ್ಯಾಶ್ ಗುರುತಿಗೂ ಅದರ ನಂತರದ ಪದಕ್ಕೂ ನಡುವೆ ಒಂದು ಸ್ಪೇಸ್ ಉಳಿದುಕೊಂಡಿತ್ತು. ಅಷ್ಟಕ್ಕೇ ಇಡೀ ಫೈಲ್ ಪಕ್ಕಕ್ಕೆ ಹೋಗಿತ್ತು. ಸ್ಪೇಸ್ ತೆಗೆದೆ, ಸರಿಯಾಯಿತು.

ದೊಡ್ಡ ತಪ್ಪು ಅದಾದ ಮೇಲೆ ಬಂತು. ಅದೇ ಫೈಲ್‌ನಲ್ಲಿ ಒಂದು ಕಾಮೆಂಟ್ ತಿದ್ದಿದೆ, ಬರೀ ಕಾಮೆಂಟ್. ಟೆರಾಫಾರ್ಮ್‌ನಲ್ಲಿ ಅಪ್ಲೈ ಮಾಡಿದೆ, ಏನೇನು ಬದಲಾಗುತ್ತದೆ ಅಂತ ಅದು ತೋರಿಸುವ ಪ್ಲಾನ್ ಓದದೆ ಯೆಸ್ ಅಂತ ಬರೆದೆ. ಇಲ್ಲಿನ ಪ್ರೊವೈಡರ್ ಬಳಸಿದಾಗ ಕ್ಲೌಡ್-ಇನಿಟ್ ಪಠ್ಯದಲ್ಲಿ ಒಂದು ಅಕ್ಷರ ಬದಲಾದರೂ ಟೆರಾಫಾರ್ಮ್ ಸರ್ವರ್ ಅನ್ನು ಅಳಿಸಿ ಹೊಸದಾಗಿ ಕಟ್ಟುತ್ತದೆ. ಸರ್ವರ್ ಹೋಯಿತು, ಅದರ ಐಪಿ ವಿಳಾಸವೂ ಬದಲಾಯಿತು. ಇದು ಪರೀಕ್ಷೆಯ ಸರ್ವರ್ ಆಗಿದ್ದರಿಂದ ನಷ್ಟ ಏನೂ ಆಗಲಿಲ್ಲ, ಆದರೆ ಪ್ಲಾನ್‌ನಲ್ಲಿ ಬದಲಾಯಿಸಲೇಬೇಕು ಅಂತ ಕೆಂಪಕ್ಷರದಲ್ಲಿ ಬರೆದಿದ್ದನ್ನು ನಾನು ನೋಡದೇ ಹೋಗಿದ್ದು ನನಗೆ ಬಹಳ ಬೇಜಾರಾಯಿತು.

ಅವತ್ತು ಮೂರು ಬದಲಾವಣೆ ಮಾಡಿದೆ. ಐಪಿ ವಿಳಾಸವನ್ನು ಸರ್ವರ್‌ನಿಂದ ಬೇರೆ ಮಾಡಿ ತನ್ನದೇ ರಿಸೋರ್ಸ್ ಮಾಡಿದೆ. ಕ್ಲೌಡ್-ಇನಿಟ್ ಬದಲಾವಣೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಅಂತ ಟೆರಾಫಾರ್ಮ್ ಫೈಲ್‌ನ ಲೈಫ್‌ಸೈಕಲ್ ಭಾಗದಲ್ಲಿ ಬರೆದೆ. ಡೇಟಾಬೇಸ್ ಸರ್ವರ್‌ಗೆ ಅಳಿಸದಂತೆ ರಕ್ಷಣೆ ಹಾಕಿದೆ.

ಒಂದು ಕೊರತೆ ಇಲ್ಲೇ ಬರೆದಿಡುತ್ತೇನೆ. ಇಲ್ಲಿ ಎಪಿಐ ಟೋಕನ್‌ಗೆ, ಅಂದರೆ ಪ್ರೋಗ್ರಾಮ್‌ಗಳು ಖಾತೆಯೊಳಗೆ ಹೋಗಲು ಬಳಸುವ ಕೀಲಿಗೆ, ಎರಡೇ ಹಂತ, ಓದುವುದು ಅಥವಾ ಎಲ್ಲವನ್ನೂ ಮಾಡುವುದು. ಈ ಟೋಕನ್ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಅನ್ನು ಮಾತ್ರ ಮುಟ್ಟಲಿ, ಅದು ಡಿಸ್ಕ್‌ನ ಆ ಹೊತ್ತಿನ ಪ್ರತಿಯಾದ ಸ್ನ್ಯಾಪ್‌ಶಾಟ್ ಮಾತ್ರ ತೆಗೆಯಲಿ ಅಂತ ಹಂಚಲು ಆಗುವುದಿಲ್ಲ. ದೊಡ್ಡ ಕ್ಲೌಡ್‌ಗಳಿಂದ ಬಂದವರಿಗೆ ಇದು ಚುಚ್ಚುತ್ತದೆ. ನಾನು ಪ್ರಾಜೆಕ್ಟ್‌ಗಳನ್ನೇ ಮೂರು ಮಾಡಿ, ಒಂದೊಂದಕ್ಕೆ ಒಂದೊಂದು ಟೋಕನ್ ಕೊಟ್ಟು ಸುಧಾರಿಸಿಕೊಂಡೆ.

ದಿನ 4: ಡಿಸ್ಕ್ ಅಳತೆ

ಡಿಸ್ಕ್ ವೇಗ ಅಳೆಯುವ ಫಿಯೋ ಓಡಿಸಿದೆ. ಮೊದಲ ಅಳತೆ 4 ಕೆಬಿ ಬರವಣಿಗೆಗೆ ಸೆಕೆಂಡಿಗೆ 2 ಲಕ್ಷ ದಾಟಿತು. ಇಷ್ಟು ಅಗ್ಗದ ಸರ್ವರ್‌ಗೆ ಇದು ಸಾಧ್ಯವೇ ಇಲ್ಲ ಅಂತ ಅನ್ನಿಸಬೇಕಿತ್ತು, ನಾನು ಅದನ್ನೇ ಜೊತೆಗಾರ್ತಿಗೆ ಕಳಿಸಿಬಿಟ್ಟೆ. "ಡೈರೆಕ್ಟ್ ಹಾಕಿದ್ದೀಯಾ?" ಅಂತ ಕೇಳಿದಳು. ಮೆಮೊರಿ ಬಿಟ್ಟು ನೇರ ಡಿಸ್ಕ್‌ಗೇ ಬರೆಸುವ ಆಯ್ಕೆ ಅದು, ಹಾಕಿರಲಿಲ್ಲ. ನಾನು ಅಳೆದಿದ್ದು ಡಿಸ್ಕ್ ಅಲ್ಲ, ಮೆಮೊರಿ.

ಡೈರೆಕ್ಟ್ ಹಾಕಿ, ಪ್ರತಿ ಬರವಣಿಗೆಗೂ ಸಿಂಕ್ ಮಾಡಿಸಿ, ಕ್ಯೂ ಆಳ 1, ಅಂದರೆ ಒಂದು ಸಲಕ್ಕೆ ಒಂದೇ ಬರವಣಿಗೆ, ಇಟ್ಟು ಮತ್ತೆ ಅಳೆದೆ. ಡೇಟಾಬೇಸ್ ಒಂದು ಬದಲಾವಣೆಯನ್ನು ಕಮಿಟ್, ಅಂದರೆ ಖಾಯಂ, ಮಾಡುವಾಗ ನಡೆಯುವುದು ಹೆಚ್ಚುಕಡಿಮೆ ಇದೇ. ಸರ್ವರ್ ಒಳಗಿನ ಎನ್‌ವಿಎಂಇ ಡಿಸ್ಕ್‌ನಲ್ಲಿ ಒಂದು ಬರವಣಿಗೆಗೆ 0.3 ಮಿಲಿಸೆಕೆಂಡ್. ನೆಟ್‌ವರ್ಕ್ ಮೂಲಕ ಜೋಡಿಸುವ ವಾಲ್ಯೂಮ್‌ನಲ್ಲಿ 1.9 ಮಿಲಿಸೆಕೆಂಡ್. ಆಮೇಲೆ ಪೋಸ್ಟ್‌ಗ್ರೆಸ್ ವೇಗ ಅಳೆಯುವ ಪಿಜಿಬೆಂಚ್, ಸ್ಕೇಲ್ 100, ಅಂದರೆ ಮುಖ್ಯ ಟೇಬಲ್‌ನಲ್ಲಿ 1 ಕೋಟಿ ಸಾಲು, 16 ಕ್ಲೈಂಟ್. ಒಳಗಿನ ಡಿಸ್ಕ್‌ನಲ್ಲಿ ಸೆಕೆಂಡಿಗೆ 2,900 ವ್ಯವಹಾರ, ವಾಲ್ಯೂಮ್‌ನಲ್ಲಿ 1,150.

ಒಳಗಿನದೇ ವೇಗ, ಅದನ್ನೇ ತಗೋ ಅನ್ನಿಸುತ್ತದೆ ಅಲ್ವಾ? ಆದರೆ ನಮ್ಮ ಡೇಟಾಬೇಸ್ ಅತಿ ಬಿಡುವಿಲ್ಲದ ಹೊತ್ತಿನಲ್ಲಿ ಮಾಡುವುದು ಸೆಕೆಂಡಿಗೆ 140. ಸರ್ವರ್ ಕೆಟ್ಟರೆ ವಾಲ್ಯೂಮ್ ಬಿಚ್ಚಿ ಇನ್ನೊಂದಕ್ಕೆ ಸಿಕ್ಕಿಸಬಹುದು, ಒಳಗಿನ ಡಿಸ್ಕ್ ಆದರೆ ಅದು ಸರ್ವರ್ ಜೊತೆಗೇ ಹೋಗುತ್ತದೆ. ವಾಲ್ಯೂಮ್ ಆರಿಸಿದೆ.

ದಿನ 5ರಿಂದ 7: ಪಕ್ಕದ ಮನೆಯವರ ಸದ್ದು

ಅಗ್ಗದ ಸರ್ವರ್‌ಗಳ ಸಿಪಿಯು ಬೇರೆ ಗ್ರಾಹಕರ ಜೊತೆ ಹಂಚಿಕೊಂಡದ್ದು. ಒಂದು ಸಲ ಅಳೆದರೆ ಅದು ಅಳತೆಯೇ ಅಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಹಾಕಿ ಗಂಟೆಗೊಂದು ಸಲ, ಮೂರು ದಿನ, ಸಿಪಿಯು ವೇಗ ಅಳೆಯುವ ಸಿಸ್‌ಬೆಂಚ್ ಓಡಿಸಿದೆ, ಜೊತೆಗೆ ಸ್ಟೀಲ್ ಎಷ್ಟು ಅಂತ ಬರೆಸಿದೆ. ಟಾಪ್ ಕಮಾಂಡ್‌ನಲ್ಲಿ ಎಸ್‌ಟಿ ಅಂತ ಬರುವ ಅಂಕಿ ಅದೇ. ನಮ್ಮ ಸರ್ವರ್ ಕೆಲಸಕ್ಕೆ ಸಿದ್ಧ ಇದ್ದರೂ ಕೆಳಗಿನ ಯಂತ್ರ ಬೇರೆಯವರಿಗೆ ಕೊಟ್ಟ ಸಮಯ.

72 ಅಳತೆಗಳಲ್ಲಿ 61 ಒಂದೇ ಥರ ಇದ್ದವು, ಸ್ಟೀಲ್ 1%ಗಿಂತ ಕಡಿಮೆ. ಉಳಿದ 11ರಲ್ಲಿ ಏರಿತು, ಅದರಲ್ಲಿ ಮೂರು ಸಲ 14% ಮುಟ್ಟಿತು, ಆಗ ವೇಗ ಸುಮಾರು ಮೂರನೇ ಒಂದು ಪಾಲು ಕುಸಿದಿತ್ತು. ಅಷ್ಟೂ ಸಂಜೆ 7ರಿಂದ 10ರ ಒಳಗೆ. ನಾನು ಹಗಲು ಮಾತ್ರ ಅಳೆದಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ವೆಬ್ ಸರ್ವರ್‌ಗೆ ಇದನ್ನು ಸಹಿಸಬಹುದು, ಎರಡು ಇವೆ. ಡೇಟಾಬೇಸ್‌ಗೆ ಬೇಡ ಅನ್ನಿಸಿತು. ಅದಕ್ಕೆ ಮೀಸಲು ಸಿಪಿಯು ಇರುವುದನ್ನು ತೆಗೆದುಕೊಂಡೆ. ಬೆಲೆ ನಾಲ್ಕು ಪಟ್ಟು.

ದಿನ 8 ಮತ್ತು 9: ಕೈಕೊಟ್ಟ 50 ಬೈಟ್

ಈ ಎರಡು ದಿನ ನನ್ನನ್ನು ಸುಸ್ತು ಮಾಡಿದವು. ವಿವರವಾಗಿ ಬರೆಯುತ್ತೇನೆ, ಯಾರಿಗಾದರೂ ಇದರಿಂದ ಒಂದು ಸಂಜೆ ಉಳಿದರೆ ಸಾಕು.

ವೆಬ್ ಮತ್ತು ಡೇಟಾಬೇಸ್ ಸರ್ವರ್‌ಗಳಿಗೆ ಸಾರ್ವಜನಿಕ ವಿಳಾಸವೇ ಕೊಡಬಾರದು ಅಂತ ಇತ್ತು. ಒಳಗೆ ಬರುವುದು ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಮೂಲಕ, ಹೊರಗೆ ಹೋಗುವುದು ಎಲ್ಲರ ಪರವಾಗಿ ತನ್ನ ವಿಳಾಸದಿಂದ ಕಳಿಸುವ ಒಂದು ಸಣ್ಣ ನ್ಯಾಟ್ ಸರ್ವರ್ ಮೂಲಕ. ಖಾಸಗಿ ನೆಟ್‌ವರ್ಕ್ ಕಟ್ಟಿದೆ, ರೂಟ್ ಹಾಕಿದೆ, ಪಿಂಗ್ ಹೋಯಿತು, ಪ್ಯಾಕೇಜ್ ಇಳಿಯಿತು, ವೆಬ್ ವಿಳಾಸದಿಂದ ಡೇಟಾ ತರುವ ಕರ್ಲ್ ಕಮಾಂಡ್ ಓಡಿತು. ಎಲ್ಲಾ ಸರಿ. ಡಾಕರ್ ಕಂಟೇನರ್ ಒಳಗಿನಿಂದ ಅದೇ ಕರ್ಲ್ ಓಡಿಸಿದೆ, ನಿಂತುಬಿಟ್ಟಿತು. ಎರರ್ ಇಲ್ಲ. ಸಂಪರ್ಕ ಆಯಿತು ಅಂತ ತೋರಿಸುತ್ತದೆ, ಸಂಪರ್ಕವನ್ನು ಭದ್ರ ಮಾಡುವ ಟಿಎಲ್‌ಎಸ್‌ನ ಮೊದಲ ಸಂದೇಶ ಕಳಿಸಿದೆ ಅಂತ ತೋರಿಸುತ್ತದೆ, ಆಮೇಲೆ ಮೌನ.

ಮೊದಲು ಫೈರ್‌ವಾಲ್ ಮೇಲೆ ಅನುಮಾನಪಟ್ಟೆ. ಎಲ್ಲಾ ನಿಯಮ ತೆಗೆದು ನೋಡಿದೆ, ಹಾಗೇ ಇತ್ತು. ಡಿಎನ್‌ಎಸ್ ಅಂತ ಅಂದುಕೊಂಡೆ, ನೇರ ಐಪಿ ಹಾಕಿದರೂ ಹಾಗೇ. ಡಾಕರ್ ಮತ್ತೆ ಇನ್‌ಸ್ಟಾಲ್ ಮಾಡಿದೆ. ಉಬುಂಟು 24.04 ಬಿಟ್ಟು ಡೆಬಿಯನ್ 12 ಹಾಕಿದೆ. ಏನೂ ಬದಲಾಗಲಿಲ್ಲ. ಹೀಗೆ ಒಂದಿಡೀ ದಿನ ಹೋಯಿತು. ಅರ್ಥವಾಗದೆ ಬದಲಾಯಿಸುತ್ತಾ ಹೋಗಿದ್ದೇ ನನ್ನ ತಪ್ಪು, ಮೊದಲೇ ಪ್ಯಾಕೆಟ್, ಅಂದರೆ ನೆಟ್‌ವರ್ಕ್‌ನಲ್ಲಿ ಓಡಾಡುವ ಡೇಟಾ ತುಂಡುಗಳನ್ನು, ನೋಡಬೇಕಿತ್ತು.

ಮಾರನೇ ಬೆಳಗ್ಗೆ ನ್ಯಾಟ್ ಸರ್ವರ್ ಮೇಲೆ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಾಕಿ ಕೂತೆ. ಹೊರಗಿನಿಂದ 1500 ಬೈಟ್‌ನ ಪ್ಯಾಕೆಟ್ ಬರುತ್ತಿದೆ, ಒಳಗಿನ ಕಡೆಗೆ ದಾಟುತ್ತಿಲ್ಲ. ಅಲ್ಲಿಗೆ ಗೊತ್ತಾಯಿತು. ತುಂಡು ಮಾಡಬೇಡ ಅಂತ ಹೇಳಿ ಖಾಸಗಿ ನೆಟ್‌ವರ್ಕ್‌ನಲ್ಲಿ ಪಿಂಗ್ ಮಾಡಿದೆ. 1472 ಬೈಟ್ ಹೋಗಲಿಲ್ಲ. 1422 ಹೋಯಿತು, 1423 ಹೋಗಲಿಲ್ಲ. 1422ಕ್ಕೆ ಹೆಡರ್‌ನ 28 ಸೇರಿಸಿದರೆ 1450. ಇಲ್ಲಿನ ಖಾಸಗಿ ನೆಟ್‌ವರ್ಕ್‌ನ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ, 1500 ಅಲ್ಲ, 1450. ಖಾಸಗಿ ನೆಟ್‌ವರ್ಕ್ ಕಟ್ಟಲು ಪ್ಯಾಕೆಟ್ ಮೇಲೆ ವಿಎಕ್ಸ್‌ಲ್ಯಾನ್ ಥರದ ಹೊದಿಕೆ ಹಾಕಿದಾಗ 50 ಬೈಟ್ ಅದಕ್ಕೇ ಹೋಗುತ್ತದೆ.

ಸರ್ವರ್‌ನ ನೆಟ್‌ವರ್ಕ್ ಕಾರ್ಡ್‌ಗೆ ಇದು ಗೊತ್ತು, ಅದು 1450ಕ್ಕೆ ತಕ್ಕಂತೆ ಆಚೆಯವರಿಗೆ ಹೇಳುತ್ತದೆ, ಹಾಗಾಗಿ ಸರ್ವರ್ ಮೇಲೆ ಕರ್ಲ್ ಓಡಿತು. ಕಂಟೇನರ್‌ಗಳನ್ನು ಹೊರಗಿನ ನೆಟ್‌ವರ್ಕ್‌ಗೆ ಜೋಡಿಸುವ ಡಾಕರ್ ಬ್ರಿಡ್ಜ್‌ಗೆ ಗೊತ್ತಿಲ್ಲ, ಅದು 1500 ಅಂತಲೇ ನಂಬಿಕೊಂಡಿರುತ್ತದೆ. ಆಚೆಯ ಸರ್ವರ್ ತನ್ನ ಸರ್ಟಿಫಿಕೇಟನ್ನು ತುಂಬಿದ ಪ್ಯಾಕೆಟ್‌ನಲ್ಲಿ ಕಳಿಸಿದಾಗ ನ್ಯಾಟ್ ಹತ್ತಿರ ಬಂದು ಸಿಕ್ಕಿಕೊಳ್ಳುತ್ತದೆ. ದೊಡ್ಡದಾಯಿತು ಅಂತ ನ್ಯಾಟ್ ಹೇಳುವ ಐಸಿಎಂಪಿ ಸಂದೇಶ ದಾರಿಯಲ್ಲೇ ಯಾರದೋ ಫೈರ್‌ವಾಲ್‌ನಲ್ಲಿ ಸಾಯುತ್ತದೆ.

ಸರಿ, ಡಾಕರ್‌ನ ಡೀಮನ್ ಸೆಟ್ಟಿಂಗ್‌ನಲ್ಲಿ ಎಂಟಿಯು 1450 ಅಂತ ಬರೆದೆ, ರೀಸ್ಟಾರ್ಟ್ ಮಾಡಿದೆ. ಬರೀ ಡಾಕರ್ ರನ್ ಮಾಡಿದರೆ ಓಡಿತು. ಹಲವು ಕಂಟೇನರ್‌ಗಳನ್ನು ಒಟ್ಟಿಗೆ ಓಡಿಸುವ ಕಂಪೋಸ್‌ನಲ್ಲಿ ಎಬ್ಬಿಸಿದರೆ ಮತ್ತೆ ನಿಂತಿತು! ಆ ಸೆಟ್ಟಿಂಗ್ ಡಾಕರ್‌ನ ಡೀಫಾಲ್ಟ್ ಬ್ರಿಡ್ಜ್‌ಗೆ ಮಾತ್ರ. ಕಂಪೋಸ್ ತನ್ನದೇ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ, ಅದಕ್ಕೆ ಕಂಪೋಸ್ ಫೈಲ್‌ನ ಡ್ರೈವರ್ ಆಯ್ಕೆಗಳಲ್ಲಿ ಬೇರೆಯಾಗಿ ಎಂಟಿಯು ಬರೆಯಬೇಕು. ಬರೆದೆ. ಇದರ ಜೊತೆಗೆ ನ್ಯಾಟ್ ಸರ್ವರ್‌ನಲ್ಲಿ ಎಂಎಸ್‌ಎಸ್ ಕ್ಲ್ಯಾಂಪ್ ಮಾಡುವ, ಅಂದರೆ ಪ್ಯಾಕೆಟ್ ಗಾತ್ರವನ್ನು ಸಂಪರ್ಕದ ಶುರುವಿನಲ್ಲೇ ತಗ್ಗಿಸುವ, ಒಂದು ಐಪಿಟೇಬಲ್ಸ್ ನಿಯಮವನ್ನೂ ಹಾಕಿದೆ. ಮುಂದೆ ಯಾರಾದರೂ ಹೊಸ ಕಂಪೋಸ್ ಫೈಲ್‌ನಲ್ಲಿ ಮರೆತರೂ ಓಡಲಿ ಅಂತ.

ಇನ್ನೊಂದು ಎಚ್ಚರಿಕೆ. ಕಂಪನಿ ಕೊಡುವ ಫೈರ್‌ವಾಲ್ ಸಾರ್ವಜನಿಕ ಕಡೆಗೆ ಮಾತ್ರ ಕಾವಲು, ಖಾಸಗಿ ನೆಟ್‌ವರ್ಕ್ ಒಳಗೆ ಎಲ್ಲರೂ ಎಲ್ಲರನ್ನೂ ಮುಟ್ಟಬಹುದು. ಸರ್ವರ್ ಒಳಗಿನ ಫೈರ್‌ವಾಲ್ ಯುಎಫ್‌ಡಬ್ಲ್ಯೂ ಇದೆಯಲ್ಲ ಅಂದುಕೊಂಡರೆ, ಡಾಕರ್ ಪಬ್ಲಿಶ್ ಮಾಡಿದ ಪೋರ್ಟ್‌ಗಳು ಅದನ್ನು ದಾಟಿಕೊಂಡು ಹೋಗುತ್ತವೆ. ಪೋರ್ಟ್‌ಗಳನ್ನು ಒಳಗಿನ ವಿಳಾಸಕ್ಕೇ ಕಟ್ಟಿ ಹಾಕಿದೆ.

ದಿನ 10: ಡೇಟಾಬೇಸ್ ಅನ್ನು ದೂರ ಇಡುವ ಯೋಚನೆ

2021ರ ಮಾರ್ಚ್ 10ರ ಬೆಳಗಿನ ಜಾವ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ನ ಡೇಟಾಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಹೋಯಿತು, ಪಕ್ಕದ್ದಕ್ಕೂ ಹಾನಿಯಾಯಿತು, ಪುಣ್ಯಕ್ಕೆ ಯಾರಿಗೂ ಗಾಯವಾಗಲಿಲ್ಲ. ಬ್ಯಾಕಪ್‌ ಅನ್ನು ಅದೇ ಆವರಣದಲ್ಲಿ ಇಟ್ಟಿದ್ದವರು ಡೇಟಾ ಕಳೆದುಕೊಂಡರು. ಆ ಸುದ್ದಿ ಅವತ್ತಿನಿಂದ ನನ್ನ ತಲೆಯಲ್ಲಿದೆ.

ಹಾಗಾಗಿ ಡೇಟಾಬೇಸ್ ಅನ್ನು ಇನ್ನೊಂದು ದೇಶದ ಡೇಟಾಸೆಂಟರ್‌ನಲ್ಲಿ ಇಟ್ಟು ನೋಡೋಣ ಅಂದುಕೊಂಡೆ. ನಡುವೆ ನೇರ ಅಳೆದರೆ 1,300 ಕಿಮೀ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಮೀ ಹೋಗುತ್ತದೆ, ಹೋಗಿ ಬರಲು ಕಡಿಮೆ ಅಂದರೂ 13 ಮಿಲಿಸೆಕೆಂಡ್. ಕೇಬಲ್ ನೇರ ಇರುವುದಿಲ್ಲ, ಅಳೆದಾಗ 21 ಬಂತು. ಇದೇನು ಮಹಾ ಅಂತ ಅನ್ನಿಸಿತು. ಆದರೆ ನಮ್ಮ ಮುಖ್ಯ ಪುಟ ಡೇಟಾಬೇಸ್‌ಗೆ ಒಂದಾದ ಮೇಲೆ ಒಂದರಂತೆ 42 ಕ್ವೆರಿ, ಅಂದರೆ ಪ್ರಶ್ನೆ, ಕಳಿಸುತ್ತದೆ. 42 ಸಲ 21 ಅಂದರೆ 882 ಮಿಲಿಸೆಕೆಂಡ್ ಬರೀ ಓಡಾಟಕ್ಕೆ. 180 ಮಿಲಿಸೆಕೆಂಡ್‌ನಲ್ಲಿ ಬರುತ್ತಿದ್ದ ಪುಟ ಒಂದು ಸೆಕೆಂಡು ದಾಟಿತು.

ಅದೇ ಸಂಜೆ ವಾಪಸ್ ತಂದೆ. ದೂರ ಇರಬೇಕಾಗಿದ್ದು ಓಡುತ್ತಿರುವ ಡೇಟಾಬೇಸ್ ಅಲ್ಲ, ಅದರ ಬ್ಯಾಕಪ್. ಒಂದೇ ಪುಟಕ್ಕೆ 42 ಕ್ವೆರಿ ಅನ್ನುವುದೂ ಸರಿಯಲ್ಲ, ಅದನ್ನು ಬೇರೆ ಕೆಲಸವಾಗಿ ಬರೆದಿಟ್ಟಿದ್ದೇನೆ.

ದಿನ 11 ಮತ್ತು 12: ಫೈಲ್‌ಗಳ ಸಾಗಾಟ

ಫೈಲ್‌ಗಳನ್ನು ಇಡುವ ಆಬ್ಜೆಕ್ಟ್ ಸ್ಟೋರೇಜ್ ಅಮೆಜಾನ್‌ನ ಎಸ್3 ಭಾಷೆ ಮಾತಾಡುತ್ತದೆ. ಪೂರ್ತಿ ಅಲ್ಲ. ನಮ್ಮ ಪೈಥಾನ್ ಕೋಡ್‌ನಿಂದ ಮೊದಲ ಅಪ್‌ಲೋಡ್‌ಗೇ ಎರರ್ ಬಂತು. ಪೈಥಾನ್‌ನಿಂದ ಎಸ್3 ಜೊತೆ ಮಾತಾಡಿಸುವ ಬೋಟೊ3 ಲೈಬ್ರರಿ, 2025ರ ಜನವರಿಯಲ್ಲಿ ಬಂದ 1.36ರಿಂದ, ತಾನೇ ಚೆಕ್‌ಸಮ್, ಅಂದರೆ ಡೇಟಾ ಕೆಟ್ಟಿಲ್ಲ ಅಂತ ಪರೀಕ್ಷಿಸುವ ಅಂಕಿ, ಸೇರಿಸಿ ಕಳಿಸುತ್ತದೆ, ಎಲ್ಲಾ ಸ್ಟೋರೇಜ್‌ಗಳಿಗೂ ಅದು ಅರ್ಥವಾಗುವುದಿಲ್ಲ. ಬೇಕಿದ್ದಾಗ ಮಾತ್ರ ಚೆಕ್‌ಸಮ್ ಲೆಕ್ಕ ಹಾಕು ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಹಾಕಿದ ಮೇಲೆ ಸರಿಯಾಯಿತು. ಲೈಬ್ರರಿಯ ಹಳೇ ಆವೃತ್ತಿಗೆ ಹೋಗಬೇಡಿ, ನಾನು ಮೊದಲು ಅದನ್ನೇ ಮಾಡಿ ಬೇರೆ ಎರಡು ಪ್ಯಾಕೇಜ್ ಮುರಿದುಕೊಂಡೆ.

210 ಜಿಬಿ ಸಾಗಿಸಲು ಫೈಲ್ ನಕಲಿಸುವ ಸಾಧನ ಆರ್‌ಕ್ಲೋನ್. ಎರಡು ಗಂಟೆ ಸಾಕು ಅಂತ ಲೆಕ್ಕ ಹಾಕಿದ್ದೆ. ಗಾತ್ರ ನೋಡಿದೆ, ಎಣಿಕೆ ನೋಡಲಿಲ್ಲ. 3 ಲಕ್ಷಕ್ಕಿಂತ ಜಾಸ್ತಿ ಸಣ್ಣ ಫೈಲ್‌ಗಳು, ಒಂದೊಂದಕ್ಕೂ ಒಂದೊಂದು ಕೋರಿಕೆ. ಆರ್‌ಕ್ಲೋನ್ ತಾನಾಗಿ ಒಂದು ಸಲಕ್ಕೆ 4 ಕಳಿಸುತ್ತದೆ. 32ಕ್ಕೆ ಏರಿಸಿದೆ, ನಿಧಾನ ಮಾಡು ಅಂತ 503 ಎರರ್ ಬರಲು ಶುರುವಾಯಿತು. 16ಕ್ಕೆ ಇಳಿಸಿದಾಗ ಸ್ಥಿರವಾಗಿ ಓಡಿತು. ಒಟ್ಟು 7 ಗಂಟೆ.

ದಿನ 14: ಅಳಿಸಿದ ದಿನ

ಇದಕ್ಕಾಗಿಯೇ ಇಷ್ಟೆಲ್ಲಾ. ಬೆಳಗ್ಗೆ 10ಕ್ಕೆ ಡೇಟಾಬೇಸ್ ಸರ್ವರ್‌ನ ಸ್ನ್ಯಾಪ್‌ಶಾಟ್ ಇದೆ ಅಂತ ನೋಡಿಕೊಂಡೆ, ರಕ್ಷಣೆ ತೆಗೆದೆ, ಸರ್ವರ್ ಮತ್ತು ವಾಲ್ಯೂಮ್ ಎರಡನ್ನೂ ಅಳಿಸಿದೆ. ಹಳೇ ಕ್ಲೌಡ್‌ನಲ್ಲಿ ಅಸಲು ಇತ್ತು, ಆದರೂ ಕೈ ಸ್ವಲ್ಪ ನಡುಗಿತು.

ಸ್ನ್ಯಾಪ್‌ಶಾಟ್‌ನಿಂದ ಹೊಸ ಸರ್ವರ್ 4 ನಿಮಿಷದಲ್ಲಿ ಎದ್ದಿತು. ಪೋಸ್ಟ್‌ಗ್ರೆಸ್ ಏಳಲಿಲ್ಲ. ಡೇಟಾ ಇರಬೇಕಾದ ಡೈರೆಕ್ಟರಿ ಖಾಲಿ. ಸ್ನ್ಯಾಪ್‌ಶಾಟ್ ಅಂದರೆ ಸರ್ವರ್ ಒಳಗಿನ ಡಿಸ್ಕ್ ಮಾತ್ರ, ಜೋಡಿಸಿದ ವಾಲ್ಯೂಮ್ ಅದರಲ್ಲಿ ಸೇರಿರುವುದಿಲ್ಲ. ಡಾಕ್ಯುಮೆಂಟೇಷನ್‌ನಲ್ಲಿ ಒಂದು ಸಾಲಿನಲ್ಲಿ ಬರೆದೇ ಇತ್ತು. ನಾನು ಓದಿರಲಿಲ್ಲ. ಹತ್ತು ದಿನ ಪ್ರತಿ ರಾತ್ರಿ ಸ್ನ್ಯಾಪ್‌ಶಾಟ್ ತೆಗೆಸಿ, ಹಸಿರು ಟಿಕ್ ನೋಡಿ, ಬ್ಯಾಕಪ್ ಇದೆ ಅಂತ ನಂಬಿಕೊಂಡು ಮಲಗಿದ್ದೆ. ಗ್ರಾಹಕರ ಡೇಟಾ ಇಲ್ಲಿದ್ದಿದ್ದರೆ ಆ ಹತ್ತೂ ದಿನ ಅವರಿಗೆ ಬ್ಯಾಕಪ್ಪೇ ಇರುತ್ತಿರಲಿಲ್ಲ. ಇಡೀ 19 ದಿನದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಇದು.

ಅವತ್ತೇ ಪೋಸ್ಟ್‌ಗ್ರೆಸ್ ಬ್ಯಾಕಪ್ ಸಾಧನ ಪಿಜಿಬ್ಯಾಕ್‌ರೆಸ್ಟ್ ಹಾಕಿದೆ. ವಾರಕ್ಕೊಂದು ಪೂರ್ತಿ ಬ್ಯಾಕಪ್, ದಿನಕ್ಕೊಂದು ಬದಲಾದಷ್ಟರ ಬ್ಯಾಕಪ್, ಡೇಟಾಬೇಸ್‌ನ ಪ್ರತಿ ಬದಲಾವಣೆಯ ದಾಖಲೆಯಾದ ಡಬ್ಲ್ಯೂಎಎಲ್ ಆಗಾಗ ಹೋಗುತ್ತಿರುತ್ತದೆ. ಎಲ್ಲಾ ಎನ್‌ಕ್ರಿಪ್ಟ್ ಆಗಿ, ಬೇರೆ ದೇಶದ, ಬೇರೆ ಕಂಪನಿಯ ಆಬ್ಜೆಕ್ಟ್ ಸ್ಟೋರೇಜ್‌ಗೆ. ಅದೂ ಯುರೋಪಿನದೇ.

ದಿನ 15: ಮತ್ತೆ ಅಳಿಸಿದೆ

ಈ ಸಲ ಮಧ್ಯಾಹ್ನ 2:30ಕ್ಕೆ ಇದ್ದ ಸ್ಥಿತಿಗೆ ತರಬೇಕು ಅಂತ ಗುರಿ. ಬ್ಯಾಕಪ್ ಇಳಿಯಲು 23 ನಿಮಿಷ, ಡಬ್ಲ್ಯೂಎಎಲ್ ಮತ್ತೆ ಓಡಲು 9 ನಿಮಿಷ. ಡೇಟಾಬೇಸ್ ಎದ್ದಿತು, ಓದಲು ಆಗುತ್ತದೆ, ಬರೆಯಲು ಆಗುತ್ತಿಲ್ಲ. ಇನ್ನೂ ರಿಕವರಿ ನಡೆಯುತ್ತಿದೆ ಅಂದುಕೊಂಡು 40 ನಿಮಿಷ ಸುಮ್ನೆ ಕಾದೆ. ಅದು ಗುರಿ ಮುಟ್ಟಿ ನಿಂತಿತ್ತು. ಗುರಿ ಮುಟ್ಟಿದ ಮೇಲೆ ಏನು ಮಾಡಬೇಕು ಅಂತ ಹೇಳದಿದ್ದರೆ ಪೋಸ್ಟ್‌ಗ್ರೆಸ್ ಅಲ್ಲೇ ತಡೆದು, ನೀನೇ ನೋಡಿ ಹೇಳು ಅಂತ ಕಾಯುತ್ತದೆ. ರೀಪ್ಲೇ ಮುಂದುವರಿಸುವ ಫಂಕ್ಷನ್ ಕರೆದ ತಕ್ಷಣ ತೆರೆದುಕೊಂಡಿತು. ಮುಂದಿನ ಸಲಕ್ಕೆ ಕಮಾಂಡ್‌ನಲ್ಲೇ ಪ್ರಮೋಟ್ ಮಾಡು, ಅಂದರೆ ಬರೆಯಲು ತೆರೆ, ಅಂತ ಬರೆದಿಟ್ಟೆ.

ಟಿಕೆಟ್‌ಗಳ ಮಾತೂ ಹೇಳಿಬಿಡುತ್ತೇನೆ. ಹಗಲು ಹಾಕಿದ ಟಿಕೆಟ್‌ಗೆ 3 ಗಂಟೆ 40 ನಿಮಿಷದಲ್ಲಿ, ರಾತ್ರಿ ಹಾಕಿದ್ದಕ್ಕೆ 9 ಗಂಟೆಯಲ್ಲಿ ಉತ್ತರ ಬಂತು. ಎರಡೂ ವಿಷಯ ಗೊತ್ತಿರುವವರು ಬರೆದ ಉತ್ತರಗಳು. ಆದರೆ ರಾತ್ರಿಯ 9 ಗಂಟೆಯಲ್ಲಿ ನಮ್ಮನ್ನು ನಾವೇ ನೋಡಿಕೊಳ್ಳಬೇಕು, ಅದಕ್ಕೇ ಈ ರಿಸ್ಟೋರ್ ಅಭ್ಯಾಸ.

ದಿನ 17: ಕಾಗದ ಮತ್ತು ಬಿಲ್

2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಡೇಟಾ ರಕ್ಷಣೆ ಕಾನೂನು ಜಿಡಿಪಿಆರ್‌ನ 28ನೇ ವಿಧಿ ಕೇಳುವ ಡೇಟಾ ಸಂಸ್ಕರಣೆಯ ಒಪ್ಪಂದ ಖಾತೆಯ ಒಳಗೇ ಸಿಕ್ಕಿತು, 10 ನಿಮಿಷದ ಕೆಲಸ. ಅದರ ಜೊತೆಗಿರುವ ಉಪಗುತ್ತಿಗೆದಾರರ ಪಟ್ಟಿಯನ್ನು ತಪ್ಪದೆ ಓದಿ. ಕಂಪನಿ ಯುರೋಪಿನದಾಗಿದ್ದು, ಅದರ ಟಿಕೆಟ್ ವ್ಯವಸ್ಥೆ ಅಥವಾ ಮೇಲ್ ಅಮೆರಿಕದ ಕಂಪನಿಯದಾಗಿರಬಹುದು. ಹಾಗಿದ್ದರೆ ಟಿಕೆಟ್‌ಗೆ ಗ್ರಾಹಕರ ಡೇಟಾ ಅಂಟಿಸಬಾರದು. ಮಾಹಿತಿ ಭದ್ರತೆಯ ಐಎಸ್‌ಒ 27001 ಪ್ರಮಾಣಪತ್ರದಲ್ಲೂ ಯಾವ ಜಾಗಗಳಿಗೆ ಅದು ಅನ್ವಯ ಅನ್ನುವ ಸಾಲು ಮುಖ್ಯ, ನಾನು ನಮ್ಮ ಡೇಟಾಸೆಂಟರ್ ಅದರಲ್ಲಿದೆಯಾ ಅಂತ ನೋಡಿಕೊಂಡೆ.

ಹೊರಗೆ ಹೋಗುವ ದಾರಿಯೂ ಈಗ ಸ್ವಲ್ಪ ಸಲೀಸು. ಯುರೋಪಿನ ಡೇಟಾ ಆಕ್ಟ್ 2025ರ ಸೆಪ್ಟೆಂಬರ್ 12ರಿಂದ ಅನ್ವಯ ಆಗಿದೆ. 2027ರ ಜನವರಿ 12ರಿಂದ ಒಂದು ಕ್ಲೌಡ್‌ನಿಂದ ಇನ್ನೊಂದಕ್ಕೆ ಹೋಗುವವರಿಂದ ಆ ಬದಲಾವಣೆಗೆ ಶುಲ್ಕ ತೆಗೆದುಕೊಳ್ಳುವಂತಿಲ್ಲ.

ಬಿಲ್ 48 ಯೂರೋ ಬರಬಹುದು ಅಂತ ಮೊದಲ ದಿನ ಬರೆದಿಟ್ಟಿದ್ದೆ. ತಿಂಗಳಿಗೆ ನಿಜವಾಗಿ ಬರುವುದು ಹೀಗೆ. ವೆಬ್ ಸರ್ವರ್ ಎರಡು 15.20, ಡೇಟಾಬೇಸ್ ಸರ್ವರ್ 31.50, ನ್ಯಾಟ್ ಸರ್ವರ್ 4.40, ಲೋಡ್ ಬ್ಯಾಲೆನ್ಸರ್ 6, ವಾಲ್ಯೂಮ್ 5, ಆಬ್ಜೆಕ್ಟ್ ಸ್ಟೋರೇಜ್ 6, ಸ್ನ್ಯಾಪ್‌ಶಾಟ್‌ಗಳು 3.90. ಒಟ್ಟು 72 ಯೂರೋ. ಟ್ರಾಫಿಕ್‌ಗೆ ಬೇರೆ ದುಡ್ಡಿಲ್ಲ. ಇನ್ನೊಂದು ಕಂಪನಿಯಲ್ಲಿರುವ ಬ್ಯಾಕಪ್‌ಗೆ 4.30 ಸೇರಿಸಿಕೊಳ್ಳಿ. ಹಳೇ ಕಡೆ ಎಲ್ಲಾ ಸೇರಿ 340 ಡಾಲರ್ ಆಸುಪಾಸು ಬರುತ್ತಿತ್ತು. ಆದರೆ ಅಲ್ಲಿ ಡೇಟಾಬೇಸ್ ಅನ್ನು ಅವರೇ ನೋಡಿಕೊಳ್ಳುತ್ತಿದ್ದರು, ಇಲ್ಲಿ ಪ್ಯಾಚ್ ಹಾಕುವುದರಿಂದ ಹಿಡಿದು ರಿಸ್ಟೋರ್ ತನಕ ನಮ್ಮದೇ ಕೆಲಸ. ತಿಂಗಳಿಗೆ ಐದಾರು ಗಂಟೆ ಅಂತ ನನ್ನ ಲೆಕ್ಕ. ಆ ಗಂಟೆಗಳಿಗೆ ಬೆಲೆ ಕಟ್ಟದೆ ಬರೀ ಬಿಲ್ ಹೋಲಿಸಿದರೆ ಮೋಸ ಹೋಗುತ್ತೀರಿ.

ಪರೀಕ್ಷೆಗೆ ಖರ್ಚಾಗಿದ್ದು 61.40 ಯೂರೋ. ಅದರಲ್ಲಿ 14 ಯೂರೋ ಚಿಲ್ಲರೆ ದಂಡ ಅಂತಲೇ ಹೇಳಬೇಕು. ಮೀಸಲು ಸಿಪಿಯು ಇರುವ ಎರಡು ಸರ್ವರ್‌ಗಳನ್ನು ಆಫ್ ಮಾಡಿ ಆರು ದಿನ ಬಿಟ್ಟಿದ್ದೆ, ಆಫ್ ಆಗಿದ್ದರೂ ಬಾಡಿಗೆ ಓಡುತ್ತಿರುತ್ತದೆ, ನಿಲ್ಲಬೇಕಾದರೆ ಅಳಿಸಬೇಕು. ಇನ್ನೊಂದು, ಬೆಲೆಪಟ್ಟಿಯಲ್ಲಿ ವ್ಯಾಟ್ ತೆರಿಗೆ ಸೇರಿರಲಿಲ್ಲ. ನಮ್ಮ ಕಂಪನಿಯ ವ್ಯಾಟ್ ಸಂಖ್ಯೆ ತುಂಬಲು ಮರೆತಿದ್ದರಿಂದ ಮೊದಲ ಬಿಲ್‌ಗೆ 20% ಸೇರಿ ಬಂತು.

ದಿನ 19: ಈಗ ಎಲ್ಲಿದ್ದೇವೆ

ನಿನ್ನೆ ಮೂರನೇ ಸಲ ಅಳಿಸಿದೆ, ಈ ಸಲ ಡೇಟಾಬೇಸ್ ಮಾತ್ರ ಅಲ್ಲ, ವೆಬ್, ನ್ಯಾಟ್, ನೆಟ್‌ವರ್ಕ್ ಎಲ್ಲಾ. ಕಮಾಂಡ್‌ಗಳನ್ನು ಓಡಿಸಿದ್ದು ನಾನಲ್ಲ, ಜೊತೆಗಾರ್ತಿ, ನಾನು ಬರೆದಿಟ್ಟ ಟಿಪ್ಪಣಿ ಮಾತ್ರ ನೋಡಿಕೊಂಡು. ಎರಡು ಕಡೆ ತಡವರಿಸಿದಳು, ಎರಡೂ ಕಡೆ ಟಿಪ್ಪಣಿಯಲ್ಲಿ ಒಂದೊಂದು ಸಾಲು ಬಿಟ್ಟುಹೋಗಿತ್ತು. ಒಟ್ಟು 51 ನಿಮಿಷ. ಟೇಬಲ್‌ಗಳ ಸಾಲುಗಳ ಎಣಿಕೆ ತಾಳೆಯಾಯಿತು.

ಹೊಸ ವಿಳಾಸ ಎಲ್ಲರಿಗೂ ಬೇಗ ತಲುಪಲಿ ಅಂತ ಇವತ್ತು ಡಿಎನ್‌ಎಸ್ ಟಿಟಿಎಲ್, ಅಂದರೆ ಹಳೇ ವಿಳಾಸವನ್ನು ನೆನಪಿಟ್ಟುಕೊಳ್ಳುವ ಅವಧಿ, ಅನ್ನು 300 ಸೆಕೆಂಡಿಗೆ ಇಳಿಸಿದೆ. ಶನಿವಾರ ರಾತ್ರಿ ನಿಜವಾದ ಬದಲಾವಣೆ, ಹಳೇ ಸರ್ವರ್‌ಗಳನ್ನು ಇನ್ನೂ 30 ದಿನ ಹಾಗೇ ಇಟ್ಟಿರುತ್ತೇವೆ. ಗ್ರಾಹಕರಿಗೆ ಉತ್ತರ ಬರೆದಿಟ್ಟಿದ್ದೇನೆ, ಭಾನುವಾರ ಕಳಿಸುತ್ತೇನೆ.